ಅತ್ತೆಯ ಎದೆಯ ಮಿಷಿನ್ನಿಗೆ ಒಂದು ದಿನ ರಜೆ

ನಮ್ಮತ್ತೆಯ ಎದೆಯಲ್ಲೊಂದು ಯಂತ್ರವಿದೆ. ಅದೇನು ಮಹಾ, ಊರಲ್ಲಿ ಎಷ್ಟೋ ಜನರಿಗಿದೆ ಅಂತೀರಾ? ಸರಿ ಸ್ವಾಮಿ. ಆದರೆ ಆ ಯಂತ್ರಕ್ಕೆ ಒಂದು ದಿನ ರಜೆ ಕೊಡಿಸಿ ಎಂದು ಹೃದಯದ ಡಾಕ್ಟರಿಗೇ ಫೋನ್ ಮಾಡಿ ಜಗಳಕ್ಕೆ ನಿಂತವರು ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಪೀಣ್ಯದ ಫ್ಯಾಕ್ಟರಿಗಳ ನಡುವೆ ಸಿಕ್ಕಿಕೊಂಡ ನಮ್ಮ ಹಳೇ ಊರಿನಲ್ಲಿ ಅವರದೊಂದು ಹಿಟ್ಟಿನ ಮಿಲ್ಲು. ನಮ್ಮವರ ರಾಗಿ, ಬಾಡಿಗೆ ರೂಮುಗಳಲ್ಲಿರುವ ಉತ್ತರ ಕರ್ನಾಟಕದವರ ಜೋಳ, ಎಲ್ಲವೂ ಅಲ್ಲೇ ಹಿಟ್ಟಾಗಬೇಕು. ಮಿಲ್ಲಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ಅತ್ತೆಯ ಗಂಟಲು ಆ ಅಳತೆಗೇ ಕೂತುಬಿಟ್ಟಿದೆ. ಮನೆಯಲ್ಲಿ "ಒಂದ್ ಲೋಟ ನೀರು ಕೊಡೇ" ಎಂದರೆ ಪಕ್ಕದ ಬೀದಿಯವರು ನೀರು ತರಬೇಕು, ಹಾಗೆ! ಮಾವನಿಗೋ, ಮದುವೆಯಾದ ದಿನದಿಂದ ಬಾಯಿಗೆ ಬೀಗ.

ಒಂದು ದಿನ, ಜೋಳದ ಮಿಷಿನ್ನಿಗೆ ಮೆಣಸಿನಕಾಯಿ ಸುರಿಯಲು ಹೊರಟ ಗಿರಾಕಿಯೊಬ್ಬನಿಗೆ ಬೈಯುತ್ತಿದ್ದ ಅತ್ತೆ ರಾಗಿ ಹಿಟ್ಟಿನ ಮೇಲೆ ಧೊಪ್ಪನೆ ಬಿದ್ದರು. ಬಿದ್ದದ್ದಕ್ಕಿಂತ ಹೆಚ್ಚಾಗಿ ಬೈಗುಳ ಅರ್ಧಕ್ಕೆ ನಿಂತದ್ದೇ ಎಲ್ಲರಿಗೂ ಗಾಬರಿ! ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಮೋಟ್ರು ಆಫ್ ಮಾಡುದ್ರಾ?"

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಅಮ್ಮಾ, ನಿಮ್ಮ ಹೃದಯದ ಮಾಂಸ ದಪ್ಪ ಆಗಿದೆ. ಅದಕ್ಕೇ ಬಡಿತ ಹಳಿ ತಪ್ತಾ ಇದೆ," ಎಂದರು. ಕಡ್ಡಿಯಂತಿರುವ ನಮ್ಮತ್ತೆ ನನ್ನ ಕಡೆ ತಿರುಗಿ, "ಉಂಡಿದ್ದೆಲ್ಲ ಎಲ್ಲೋಯ್ತದೆ ಅಂತಿದ್ಯಲ್ಲೇ, ಇಲ್ಲೈತೆ ನೋಡು!" ಎಂದರು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ?" ಎಂದು ಡಾಕ್ಟರು ಕೇಳಿದರು. ಅತ್ತೆ ನನ್ನ ಕೈ ಹಿಡಿದುಕೊಂಡರು. ನಾನಿನ್ನೂ ಶಾಲೆಯಲ್ಲಿದ್ದಾಗ ನಮ್ಮಪ್ಪ ಬಸ್‌ಸ್ಟಾಪಿನಲ್ಲಿ ನಿಂತಲ್ಲೇ ಕುಸಿದು ಹೋಗಿಬಿಟ್ಟಿದ್ದರು. ಯಾರದೋ ಕಣ್ಣು ಬಿತ್ತು ಎಂದು ಊರೆಲ್ಲ ಹೇಳಿತ್ತು. ಇದು ಮನೆತನದಲ್ಲಿ ಬರುವ ಕಾಯಿಲೆಯಂತೆ. ಬಡಿತ ಕೆಟ್ಟರೆ ಕ್ಷಣದಲ್ಲಿ ಪ್ರಾಣವೇ ಹೋಗಬಹುದಂತೆ. ಅತ್ತೆ ಮೊದಲು ನನ್ನನ್ನು ಸ್ಕ್ಯಾನಿಗೆ ನೂಕಿದರು. "ಇವರದು ನಾರ್ಮಲ್ ಇದೆ" ಎಂದು ಡಾಕ್ಟರ ಬಾಯಿಂದಲೇ ಕೇಳಿದ ಮೇಲೆ ತಮ್ಮ ಆಪರೇಷನ್ನಿಗೆ ಒಪ್ಪಿದರು.

ಎಡಭುಜದ ಕೆಳಗೆ, ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂಡಿಸಿದರು. ಬಡಿತ ಹುಚ್ಚೆದ್ದರೆ ಅದು ಒಳಗಿಂದಲೇ ಶಾಕ್ ಹೊಡೆದು ದಾರಿಗೆ ತರುತ್ತದೆ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. "ಕರೆಂಟ್ ಓದ್ರೂ ಇದು ಓಡ್ತದೆ ಕಣೇ, ನಮ್ ಮಿಲ್ ಮೋಟ್ರಂಗಲ್ಲ!" ದೊಡ್ಡ ಮೋಟರಿನ ಹತ್ತಿರ ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಿಷಿನ್ನಿನ ಮುಂದೆ ಮಾವ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ. ದೂರ ಹೆಚ್ಚಾದಷ್ಟೂ ಕೂಗೂ ಹೆಚ್ಚಾಯಿತು!

ಹೀಗಿರುವಾಗ ಆಯುಧಪೂಜೆ ಬಂತು. ಪೂಜೆಯಾದ ಯಂತ್ರವನ್ನು ಮಾರನೇ ದಿನದವರೆಗೆ ಯಾರೂ ಓಡಿಸುವಂತಿಲ್ಲ. ಈ ವಿಷಯದಲ್ಲಿ ಅತ್ತೆ, ಸಾಕ್ಷಾತ್ ಬ್ರಹ್ಮ ಬಂದು ಸೇರು ರಾಗಿ ಹಿಡಿದು ನಿಂತರೂ ಬೀಸಿಕೊಡುವವರಲ್ಲ. ಮಿಲ್ಲಿಗೆ ಹಾರ ಹಾಕಿ, ಕುಂಕುಮವಿಟ್ಟು, ಸ್ವಿಚ್ ಆರಿಸಿದವರಿಗೆ ಥಟ್ಟನೆ ಹೊಳೆಯಿತು. ಎದೆ ಮುಟ್ಟಿಕೊಂಡರು. "ಅಯ್ಯೋ, ಇದೊಂದು ಓಡ್ತಾನೇ ಐತಲ್ಲೇ!"

ಡಾಕ್ಟರಿಗೆ ಫೋನು ಹೋಯಿತು. "ನಾಳೆ ಬೆಳಗ್ಗೆವರ್ಗೂ ಇದುನ್ನ ಆಫ್ ಮಾಡ್ಕೊಡಿ ಡಾಕ್ಟ್ರೇ."

"ಅಮ್ಮಾ, ಖಂಡಿತ ಆಗಲ್ಲ! ಪ್ರಾಣಕ್ಕೇ ಅಪಾಯ!"

"ಎಲ್ಲಾ ಮಿಷಿನ್ನಿಗೂ ಒಂದ್ ನ್ಯಾಯ, ಇದ್ಕೊಂದ್ ನ್ಯಾಯಾನಾ?"

ಪಾಪ, ಡಾಕ್ಟರು ಒಂದು ಉಪಾಯ ತೆಗೆದರು. "ನೋಡಿ, ಅದು ಸುಮ್ನೆ ಕಾವಲು ಕೂತಿರುತ್ತೆ ಅಷ್ಟೇ. ನಿಮ್ಮ ಎದೆ ನೆಟ್ಟಗೆ ಬಡ್ಕೊಂಡ್ರೆ ಅದಕ್ಕೆ ಕೆಲಸಾನೇ ಇಲ್ಲ. ಮಾತ್ರೆ ತಗೊಳ್ಳಿ, ಕೂಗಾಡ್ಬೇಡಿ. ರಜೆ ಕೊಟ್ಟ ಹಾಗೇ ಆಯ್ತು."

ಸರಿ, ಶುರುವಾಯಿತು ಅತ್ತೆಯ ಶಾಂತಿವ್ರತ! ಪಕ್ಕದ ಮನೆಯವನು ರಂಗೋಲಿಯ ಮೇಲೆ ಬೈಕು ನಿಲ್ಲಿಸಿದ. ಅತ್ತೆ ಹಲ್ಲು ಕಚ್ಚಿಕೊಂಡು, "ಚೆನ್ನಾಗ್ ನಿಲ್ಸಿದೀಯ ಕಣಪ್ಪ," ಎಂದರು. ಅವನು ಹೆದರಿ, ಸ್ಟಾರ್ಟ್ ಕೂಡ ಮಾಡದೆ ತಳ್ಳಿಕೊಂಡೇ ಹೋದ. ಅದೇ ಮೆಣಸಿನಕಾಯಿ ಗಿರಾಕಿ ಚೀಲ ಹೊತ್ತು ಬಂದು, "ಅಕ್ಕಾರ, ಒಂದೀಟು ಬೀಸಿ ಕೊಡ್ರೀ," ಎಂದ. ಅತ್ತೆ ಕಣ್ಣು ಮುಚ್ಚಿ, ಉಸಿರೆಳೆದು, ಕೈತುಂಬ ಕಡ್ಲೆಪುರಿ ಕೊಟ್ಟು ಕಳಿಸಿದರು. ಊಟಕ್ಕೆ ಕೂತ ಮಾವ, ಇಂಥ ಸುದಿನ ಮತ್ತೆ ಬರಲಾರದೆಂದು, ಜನ್ಮದಲ್ಲಿ ಮೊದಲ ಸಲ ಬೀಗ ತೆಗೆದರು. "ಸಾರಿಗೆ ಉಪ್ಪು ಕಮ್ಮಿ."

ನಾವೆಲ್ಲ ತುತ್ತು ಕೈಯಲ್ಲೇ ಹಿಡಿದು ಅತ್ತೆಯನ್ನೇ ನೋಡಿದೆವು. ಅತ್ತೆ ಉಪ್ಪಿನ ಡಬ್ಬಿಯನ್ನು ಮೆಲ್ಲಗೆ ಮಾವನ ಮುಂದೆ ಸರಿಸಿದರು. ಅಬ್ಬಾ!

ದೀಪ ಹಚ್ಚುವ ಹೊತ್ತಿಗೆ ಅತ್ತೆ ಗೆದ್ದಿದ್ದರು. "ಇಡೀ ದಿನ ಒಂದ್ ಏಟೂ ಒಡೀಲಿಲ್ಲ ನನ್ ಮಿಷಿನ್ನು! ರಜ ಅಂದ್ರೆ ರಜ!" ಎಂದು ಬೀದಿಗೆಲ್ಲ ಪುರಿ ಹಂಚಿದರು. ಆಮೇಲೆ ನನ್ನನ್ನು ಒಳಗೆ ಕರೆದು, ಸೆರಗು ಸರಿಸಿ, "ಇದ್ಕೂ ಕುಂಕುಮ ಇಡೇ," ಎಂದರು. ಗಾಯದ ಗೆರೆಯ ಮೇಲೆ ಬೆರಳಿಟ್ಟೆ. ಬೆರಳ ಕೆಳಗೆ ಎದೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು.

"ನಿಮ್ಮಪ್ಪಂಗೂ ಇಂತಾದ್ದೊಂದು ಇದ್ದಿದ್ರೆ, ಇವತ್ತು ಅವ್ನಿಗೂ ಕುಂಕುಮ ಇಡ್ತಿದ್ದೆ ಕಣೇ ನೀನು."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅತ್ತೆ ಬೈಯಲು ಬಾಯಿ ತೆರೆದವರು, ನೆನಪಾಗಿ ಮುಚ್ಚಿಕೊಂಡರು. ಸೆರಗಿನಿಂದ ನನ್ನ ಮುಖ ಒರೆಸಿ, ಪಿಸುಗುಟ್ಟಿದರು. ಅತ್ತೆ, ಪಿಸುಗುಟ್ಟಿದರು!

"ಇವತ್ತು ಬೈಯಂಗಿಲ್ಲ. ನಾಳೆ ಮಿಲ್ಲಿಗೆ ಬಾ, ಎಲ್ಲಾ ಸೇರ್ಸಿ ಬೈತೀನಿ."

ಮರುದಿನ ಬೆಳಗ್ಗೆ, ಅವರು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ.