ಒಂದೇ ಸಾಲಿನ ಕಮಾಂಡು

ಹೆಣ್ಣಿನ ಕಡೆಯವರು ಗಿರಿನಗರಕ್ಕೆ ಹುಡುಗನ ಮನೆ ನೋಡೋಕೆ ಬರ್ತೀವಿ ಅಂದದ್ದು ಗುರುವಾರಕ್ಕೆ. ಬಸವಪ್ರಸಾದನ ರಜೆಗಳೋ, ಎಲ್ಲ ಖಾಲಿ. ಜಯನಗರದ ಅವನ ಆಫೀಸಿನಲ್ಲಿ ಹೊಸ ಕಾನೂನು ಬೇರೆ: ಆಫೀಸಿನ ನೆಟ್‌ವರ್ಕಿನಿಂದಲೇ ಸರ್ವರ್‌ಗೆ ಲಾಗಿನ್ ಆಗಿ ಸಂಜೆವರೆಗೂ ಇದ್ದರಷ್ಟೇ ಹಾಜರಿ. ವರ್ಷಗಟ್ಟಲೆ ಹುಡುಕಿ ಸಿಕ್ಕಿದ ಸಂಬಂಧ. ಕೈತಪ್ಪಿದರೆ ಅಮ್ಮ ನೀಲಗಂಗಮ್ಮ ಊಟ ಬಿಟ್ಟು ಮಲಗೋದು ಗ್ಯಾರಂಟಿ.

ಅವನೇನು ದಡ್ಡನೇ? ಹಿಂದಿನ ಸಂಜೆ ತನ್ನ ಮೇಜಿನ ಕೆಳಗಿದ್ದ ಹಳೇ ಕಂಪ್ಯೂಟರಿನಲ್ಲಿ ಒಂದೇ ಒಂದು ಸಾಲಿನ ಕಮಾಂಡು ಹಾಕಿಬಂದ. ಮನೆಯಿಂದ ಬಂದ ಸಂಪರ್ಕವನ್ನು ಅದು ಈ ಕಡೆ ಹಿಡಿದು ಆ ಕಡೆ ಸರ್ವರ್‌ಗೆ ದಾಟಿಸಬೇಕು, ಅಷ್ಟೇ. ಸರ್ವರ್ ಪಾಲಿಗೆ ಇವನು ಸೀಟಿನಲ್ಲೇ ಇದ್ದಂತೆ. ಆದರೆ ಬಾಯಿ ಸುಮ್ಮನಿರಬೇಕಲ್ಲ! ಪಕ್ಕದ ಸೀಟಿನ ಶ್ರೀಕರನಿಗೆ ಹೇಳಿಬಿಟ್ಟ.

“ಸಖತ್ ಮಗಾ. ಯಾರಿಗೂ ಹೇಳಲ್ಲ ಬಿಡು,” ಅಂದ ಶ್ರೀಕರ್.

ಗುರುವಾರ ಹುಡುಗಿಯ ಅಪ್ಪ ಮರುಳಸಿದ್ದಪ್ಪನವರು ಕೇಸರಿಬಾತಿಗೆ ಕೈ ಹಾಕುವಷ್ಟರಲ್ಲಿ ಬಸವಪ್ರಸಾದನ ಫೋನು ಬಡಕೊಂಡಿತು. ಮ್ಯಾನೇಜರ್ ರೇಖಾ ಮೇಡಂ.

“ಎಲ್ಲಿದ್ದೀರಾ?”

“ಸೀಟಲ್ಲೇ ಮೇಡಂ.”

ಮರುಳಸಿದ್ದಪ್ಪನವರು ಅವನು ಕೂತ ಸೋಫಾವನ್ನೊಮ್ಮೆ ನೋಡಿದರು.

“ಒಳ್ಳೇದಾಯ್ತು. ನಿಮ್ಮ ಹಳೇ ಕಂಪ್ಯೂಟರ್ ಆಫ್ ಆಗಿದೆ ನೋಡಿ. ಶ್ರೀಕರ್ ಹೇಳಿಕೊಟ್ರು, ನಾವೆಲ್ಲ ಮನೇಲಿ ಕೂತು ಅದರಿಂದಾನೇ ಲಾಗಿನ್ ಆಗಿದ್ವಿ. ಬೇಗ ಆನ್ ಮಾಡಿ, ಇಲ್ಲಾಂದ್ರೆ ಎಲ್ಲರ ಹಾಜರಿನೂ ಹೋಗುತ್ತೆ.”

ಸುಳ್ಳು ಹೇಳಿದ ಮೇಲೆ ಏನು ಮಾಡ್ತಾನೆ ಪಾಪ? ತಟ್ಟೆ ಬಿಟ್ಟು, “ಅರ್ಜೆಂಟ್ ಸಾರ್, ಈಗ ಬಂದೆ,” ಅಂತ ಸ್ಕೂಟರ್ ಹತ್ತಿದ. ಸಿಗ್ನಲ್ಲುಗಳೆಲ್ಲ ಅವನಿಗಾಗಿಯೇ ಕಾದು ಕೆಂಪಾದವು. ಆಫೀಸಿನಲ್ಲಿ ಗುಡಿಸುವ ಲಕ್ಷ್ಮಮ್ಮ ಬಿಟ್ಟರೆ ನರಪಿಳ್ಳೆ ಇಲ್ಲ.

“ಒಬ್ರೂ ಬಂದಿಲ್ಲ, ಸುಮ್ನೆ ಕರೆಂಟ್ ಯಾಕೆ ಅಂತ ನಾನೇ ವೈರ್ ಕಿತ್ತೆ ಸಾರ್,” ಅಂದಳು ಲಕ್ಷ್ಮಮ್ಮ.

ವೈರು ಸಿಕ್ಕಿಸಿ, ಕಮಾಂಡು ಹಾಕಿದ. ಒಬ್ಬೊಬ್ಬರ ಹೆಸರೂ ಪರದೆ ಮೇಲೆ ಮೂಡಿತು. ಫೋನಿನಲ್ಲಿ ಮೇಡಂ ಖುಷಿಯಾದರು. “ನಾಳೆಯಿಂದ ನೀವೊಬ್ರು ದಿನಾ ಬಂದು ಅದನ್ನ ನೋಡ್ಕೊಳ್ಳಿ. ನಾವು ಮನೆಯಿಂದ ಮ್ಯಾನೇಜ್ ಮಾಡ್ತೀವಿ.”

ಅಷ್ಟರಲ್ಲಿ ಅಮ್ಮನ ಫೋನು.

“ಹೋದ್ರು ಕಣೋ. ಮನೆ ಹಿಡಿಸ್ತಂತೆ. ಆದ್ರೆ ತಿಂಡಿ ಬಿಟ್ಟು ಆಫೀಸಿಗೆ ಓಡೋನು ಬೇಡ್ವಂತೆ, ಅವರ ಹುಡುಗಿಗೆ ಮನೇಲೇ ಕೂತು ಕೆಲಸ ಮಾಡೋನು ಬೇಕಂತೆ. ಇವತ್ತೇ ಇನ್ನೊಬ್ಬನ ಮನೆನೂ ನೋಡೋದಿತ್ತಂತೆ, ಅಲ್ಲಿಗೇ ಹೊರಟ್ರು. ನಿಮ್ಮ ಆಫೀಸಿನವನೇ ಅಂತೆ, ಯಾರೋ ಶ್ರೀಕರ್ ಅಂತ.”

ಬಸವಪ್ರಸಾದನ ಮೈಯೆಲ್ಲ ಉರಿದುಹೋಯಿತು. ವೈರು ಕಿತ್ತೇಬಿಡೋಣ ಅಂತ ಮೇಜಿನ ಕೆಳಗೆ ಬಗ್ಗಿದ. ಆದರೆ ಅದೇ ವೈರಿನಲ್ಲಿ ರೇಖಾ ಮೇಡಮ್ಮೂ ಇದ್ದರು.