ಶನಿವಾರದ ಬೋಲ್ಟುಗಳು

ದೇವರು ನನಗೆ ಕೊಟ್ಟಿರುವುದೆಲ್ಲ ಸಣ್ಣ ಸಣ್ಣ ಕೃಪೆಗಳು. ದೊಡ್ಡದನ್ನು ನಾನು ಕೇಳಿದವಳೂ ಅಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕರೆಂಟೂ ಇರುವುದು, ಹಾಲು ಉಕ್ಕುವ ಮೊದಲು ಫೋನಿನ ಆ ಕಡೆಯವರು ಮಾತು ಮುಗಿಸುವುದು, ಬಾಣಸವಾಡಿಯ ರೈಲ್ವೆ ಗೇಟು ನಾನು ದಾಟಿದ ಮೇಲೆ ಬೀಳುವುದು, ಇಂಥವು. ದೀಪ ಹಚ್ಚುವಾಗ ಇವನ್ನು ಒಂದೊಂದಾಗಿ ನೆನೆಸಿಕೊಂಡು ಕೈ ಮುಗಿಯುವುದು ನನ್ನ ಅಭ್ಯಾಸ. ಆದರೆ ಹೀಗೆ ನೆನೆಸಿಕೊಳ್ಳುವವಳಿಗೆ ಸೊಕ್ಕು ಬಂದೀತೆಂದು ದೇವರಿಗೂ ಅನುಮಾನ ಇರಬೇಕು. ಅದಕ್ಕೇ ನನಗೊಬ್ಬ ಗಂಡನನ್ನೂ ಆ ಗಂಡನ ಕೈಗೊಂದು ಹಳೇ ಕಾರನ್ನೂ ಕೊಟ್ಟ.

ಕಾರು ಕಾಕ್ಸ್ ಟೌನಿನ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರಿಂದ ಕೊಂಡದ್ದು. ವಿದೇಶದ ಮಾಲು, ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. "ಎರಡೇ ಪೆಡಲ್ಲು ಕಣೇ, ನೀನೂ ಓಡಿಸ್ಬಹುದು" ಎಂದು ಇವರು ಹಿಗ್ಗಿದರು. ಹೊಲಿಗೆ ಯಂತ್ರದ ಒಂದು ಪೆಡಲ್ಲೇ ನನಗೆ ಸಾಕು ಎಂದೆ. ಒಂದಷ್ಟು ವರ್ಷ ಕಾರು ಚೆನ್ನಾಗಿಯೇ ಓಡಿತು. ಆಮೇಲೊಂದು ದಿನ ಹಲಸೂರು ಮಾರ್ಕೆಟ್ಟಿನ ಬೀದಿಯಲ್ಲಿ, ನನ್ನ ತೊಡೆಯ ಮೇಲೆ ವರಮಹಾಲಕ್ಷ್ಮಿ ಹಬ್ಬದ ಬಾಳೆಕಂದು ಇರುವಾಗ, ಮುಂದಕ್ಕೆ ಹೋಗುವುದಿಲ್ಲ ಎಂದು ನಿಂತುಬಿಟ್ಟಿತು. ಹಿಂದಕ್ಕೆ ಮಾತ್ರ ಹೋಗುತ್ತಿತ್ತು. ಹೂವಿನವರು, ತರಕಾರಿಯವರು ಎಲ್ಲರೂ ಸೇರಿ "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೂಗುತ್ತ ನಮ್ಮನ್ನು ಹಿಮ್ಮುಖವಾಗಿಯೇ ಬೀಳ್ಕೊಟ್ಟರು.

ಆ ಗೇರ್ ಬಾಕ್ಸಿಗೆ ಬೇಕಾದ ಭಾಗ ಈ ಊರಿನಲ್ಲಿ ಸಿಗುವುದಿಲ್ಲ ಎಂದು ಗೊತ್ತಾಯಿತು. ನಮ್ಮ ಮೆಕ್ಯಾನಿಕ್ ಖಲೀಲ್ ಭಾಯ್ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ ತೀರ್ಪು ಕೊಟ್ಟರು: "ಸಾರ್, ಈ ಆಟೋಮ್ಯಾಟಿಕ್ ಡಬ್ಬಾ ಬಿಚ್ಚಿ ಬಿಸಾಕಿ. ಕೈಗೇರ್ ಹಾಕೋಣ. ಇದೇ ಕಂಪ್ನೀದು ಒಂದು ಆಕ್ಸಿಡೆಂಟ್ ಗಾಡಿ ಇದೆ, ಅದ್ರಿಂದ ಎಲ್ಲಾ ತರ್ತೀನಿ." ತಂದರು ಕೂಡ. ಗೇರ್ ಬಾಕ್ಸು, ಕ್ಲಚ್ಚು, ಮೂರನೆಯ ಪೆಡಲ್ಲು ಎಲ್ಲ ಬಂದು ನಮ್ಮ ವರಾಂಡದಲ್ಲಿ ಕುಳಿತವು. ಕಾರು ಮನೆಯ ಮುಂದೆ ಹೊಟ್ಟೆ ಬಿಚ್ಚಿಕೊಂಡು ನಿಂತಿತು. ಅದೇ ವಾರ ಮಗಳು ಸುಮಾ ಚೊಚ್ಚಲ ಹೆರಿಗೆಗೆಂದು ಬಂದಳು.

ಆಸ್ಪತ್ರೆ ಇದ್ದದ್ದು ಇಂದಿರಾನಗರದಲ್ಲಿ. ನಮ್ಮ ಮನೆ ರೈಲ್ವೆ ಗೇಟಿನಿಂದ ಆಚೆಗೆ. ಆಟೋದವರನ್ನು ಕರೆದರೆ ರಸ್ತೆಯ ಗುಂಡಿಗಳನ್ನು ನೆನೆದು ತಲೆಯಾಡಿಸಿ ಹೋಗುತ್ತಿದ್ದರು. ಬಂದರೂ ಆ ಗುಂಡಿಗಳಲ್ಲಿ ತುಂಬು ಬಸುರಿಯನ್ನು ಆಟೋದಲ್ಲಿ ಕೂರಿಸುವುದು ಹೇಗೆ? "ನಮ್ಮ ಕಾರಲ್ಲೇ ಕರ್ಕೊಂಡು ಹೋಗ್ತೀನಿ" ಎಂದು ಇವರು ಅಳಿಯನಿಗೆ ಮಾತು ಕೊಟ್ಟಿದ್ದರು. ಇನ್ನು ಯಾವ ದಿನ ಬೇಕಾದರೂ ಆಗಬಹುದು ಎಂದು ಡಾಕ್ಟರಮ್ಮ ಹೇಳಿದಾಗ ನಮ್ಮ ಕಾರಿಗೆ ಇನ್ನೂ ಬೋಲ್ಟು ಸಿಕ್ಕಿರಲಿಲ್ಲ.

ಹೌದು, ಬಾಕಿ ಇದ್ದದ್ದು ಬರೀ ಬೋಲ್ಟು. ಊಟಕ್ಕೆ ಕೂತಾಗಲೆಲ್ಲ ಇವರು ಅದನ್ನೇ ವಿವರಿಸುತ್ತಿದ್ದರಿಂದ ನನಗೂ ಬಾಯಿಪಾಠ. ಎಂಜಿನ್ನಿನ ತುದಿಗೆ ಮೊದಲು ದೋಸೆ ಕಾವಲಿಯಂಥ ತೆಳು ತಟ್ಟೆ ಇತ್ತಂತೆ. ಕೈಗೇರು ಹಾಕುವಾಗ ಅಲ್ಲಿ ಒರಳಿನಂಥ ದಪ್ಪ ಚಕ್ರ ಬರಬೇಕು, ಅದರ ಹೆಸರು ಫ್ಲೈವೀಲ್. ಕಾವಲಿಯನ್ನು ಹಿಡಿದಿದ್ದ ಬೋಲ್ಟು ಗಿಡ್ಡ. ಅದನ್ನೇ ಒರಳಿಗೂ ಹಾಕಿದರೆ ತುದಿಯಲ್ಲಿ ಒಂಚೂರು ಕಚ್ಚಿಕೊಂಡು ಗಟ್ಟಿಯಾಗಿ ಕೂತಂತೆ ನಟಿಸುತ್ತದೆ. ಓಡುವಾಗ ಕಿತ್ತುಬಂದರೆ ಆ ಚಕ್ರ ಕಾರಿನ ತಳ ಸೀಳಿಕೊಂಡು ಒಳಗೆ ಬರುತ್ತದಂತೆ. ಆಕ್ಸಿಡೆಂಟ್ ಗಾಡಿಯ ಬೋಲ್ಟುಗಳೋ ಪೆಟ್ಟು ತಿಂದು ಬಾಗಿದ್ದವು. ಆದ್ದರಿಂದ ಉದ್ದದವೇ ಆರು ಬೇಕು, ತಲೆಯ ಮೇಲೆ ಬಲದ ಅಂಕಿ ಕೊರೆದಿರಬೇಕು, ಥ್ರೆಡ್ಡು ಸಣ್ಣದಿರಬೇಕು.

ಇವರು ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದವರು. ಬೇರೆಯವರು ಮಾಡಿದ್ದನ್ನು ತಿರಸ್ಕರಿಸುವುದಕ್ಕೇ ಸಂಬಳ. ಖಲೀಲ್ ಭಾಯ್ ತಂದ ಬೋಲ್ಟುಗಳನ್ನೆಲ್ಲ ಪೇಪರಿನ ಮೇಲೆ ಹರಡಿಕೊಂಡು, ವರ್ನಿಯರ್ ಹಿಡಿದು ಅಳೆದು, ಬೆಳಕಿಗೆ ಹಿಡಿದು, "ಊಹೂಂ" ಎನ್ನುತ್ತಿದ್ದರು. ನೋಡುತ್ತ ನೋಡುತ್ತ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನನ್ನು ನೋಡಲು ಬಂದಾಗ ಇದೇ ಮನುಷ್ಯ ಒಂದು ತಟ್ಟೆ ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಒಪ್ಪಿಗೆ ಕೊಟ್ಟಿದ್ದರು. ಅದರಲ್ಲೂ ಮುಕ್ಕಾಲು ಹೊತ್ತು ಉಪ್ಪಿಟ್ಟನ್ನೇ ನೋಡುತ್ತಿದ್ದರು ಎಂದು ನಮ್ಮಮ್ಮ ಹೇಳುತ್ತಿದ್ದಳು.

ಹೀಗಿರುವಾಗ ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯಿಂದ ಫೋನು ಬಂತು.

"ಶಿವಾಜಿನಗರದ ಹಾಜಿ ಸಾಹೇಬ್ರ ಅಂಗಡೀಲಿ ಬೋಲ್ಟು ಸಿಕ್ಕಿದೆ ಕಣೇ. ಆರೂ ಇದೆಯಂತೆ, ಅಂಕಿ ಎಲ್ಲಾ ಸರಿ. ನಾಳೆ ಅವರು ಮದುವೆಗೆ ಕೋಲಾರಕ್ಕೆ ಹೋಗ್ತಾರಂತೆ. ನನಗೆ ಇವತ್ತು ಓವರ್ ಟೈಮು. ನೀನು ಹೋಗಿ ತಂದ್ಬಿಡು. ನಾಳೆ ಬೆಳಿಗ್ಗೆ ಖಲೀಲ್ ಭಾಯ್ ಬಂದು ಕೂರಿಸ್ತಾರೆ."

"ಇವತ್ತು ಶನಿವಾರ ಕಣ್ರೀ."

"ಗೊತ್ತು. ನಮ್ಮ ಫ್ಯಾಕ್ಟರೀಲೂ ಕ್ಯಾಲೆಂಡರ್ ಇದೆ."

"ಶನಿವಾರ ಕಬ್ಬಿಣ ಮನೆಗೆ ತರ್ತಾರಾ ಯಾರಾದ್ರೂ? ಅದೂ ಮನೇಲಿ ಬಸುರಿ ಇರೋವಾಗ?"

"ಬಸುರಿ ಇರೋದ್ರಿಂದಲೇ ತರ್ಬೇಕಾಗಿರೋದು" ಎಂದು ಫೋನು ಇಟ್ಟರು.

ಹೋದೆ. ಹಾಜಿ ಸಾಹೇಬರು ಗೌರವದಿಂದ ಸ್ಟೂಲು ಕೊಟ್ಟು, ಬೋಲ್ಟುಗಳನ್ನು ತೋರಿಸಿದರು. "ನೋಡಿ ಅಮ್ಮಾ, ಇದು ಲೋಹಾ ಅಲ್ಲ, ಸೋನಾ" ಎಂದರು. ಚಿನ್ನವೇ ಆಗಿದ್ದರೆ ನನಗೇನು ಕಷ್ಟವಿತ್ತು, ಶನಿವಾರವೂ ತರುತ್ತಿದ್ದೆ. ತುಕ್ಕು ಹಿಡಿಯಬಾರದೆಂದು ಅವುಗಳಿಗೆ ಎಣ್ಣೆ ಸವರಿ, ಒಂದು ಕಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಒಯ್ಯುವ ಹಾಗಿಲ್ಲ. ಪಕ್ಕದ ಮನೆಯಲ್ಲಿ ಇಡೋಣವೆಂದರೆ, ನಮ್ಮ ಶನಿಯನ್ನು ಅವರ ಮನೆಗೆ ಹತ್ತಿಸಿದ ಪಾಪ. ಕಾರಿನಲ್ಲಿ ಇಡೋಣವೆಂದರೆ ಅದರಲ್ಲೇ ಮಗಳು ಕೂರಬೇಕು. ಬಸ್ಸು ಇಳಿಯುವ ಹೊತ್ತಿಗೆ ದೇವರೇ ಬುದ್ಧಿ ಕೊಟ್ಟ ಹಾಗಾಯಿತು: ಶನಿಯ ಕಬ್ಬಿಣ ಶನಿಯ ಮನೆಯಲ್ಲೇ ಇರಲಿ.

ನಮ್ಮ ಬಡಾವಣೆಯ ತುದಿಯಲ್ಲಿ ಒಂದು ಶನಿದೇವರ ಗುಡಿಯಿದೆ. ಶನಿವಾರವಾದ್ದರಿಂದ ಎಳ್ಳುದೀಪದವರು ಕಿಕ್ಕಿರಿದಿದ್ದರು. ಗಂಟನ್ನು ದೇವರ ಮುಂದಿನ ಕಟ್ಟೆಯ ಮೇಲಿಟ್ಟು, "ಅಪ್ಪಾ, ನಾಳೆ ಬೆಳಿಗ್ಗೆವರೆಗೂ ನೋಡ್ಕೋ, ಬಂದು ತಗೊಂಡು ಹೋಗ್ತೀನಿ" ಎಂದು ಕೈ ಮುಗಿದು, ಪ್ರದಕ್ಷಿಣೆ ಹಾಕಿ, ಹಗುರವಾಗಿ ಮನೆಗೆ ಬಂದೆ. ಹೇಳಬೇಕಾದವನಿಗೆ ಹೇಳಿದ್ದೆ. ಅರ್ಚಕರಿಗೆ ಮಾತ್ರ ಹೇಳಿರಲಿಲ್ಲ.

ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಸುಮಾ ಸೊಂಟ ಹಿಡಿದುಕೊಂಡು ಬಂದು, "ಅಮ್ಮ, ಯಾಕೋ ಒಂಥರಾ ಆಗ್ತಿದೆ" ಎಂದಳು. ನೋವು ಬರುತ್ತಿತ್ತು, ಹೋಗುತ್ತಿತ್ತು. ಖಲೀಲ್ ಭಾಯ್ ಆಗಲೇ ಬಂದು ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದ್ದರು. ಅವಳ ಬಳಿ ಪಕ್ಕದ ಮನೆಯಾಕೆಯನ್ನು ಕೂರಿಸಿ, ಬೋಲ್ಟು ಎಲ್ಲಿದೆಯೆಂದು ಇವರಿಗೆ ಹೇಳಿ, ಇಬ್ಬರೂ ಗುಡಿಗೆ ಓಡಿದೆವು. ಕಟ್ಟೆ ಖಾಲಿ. ತೊಳೆದು ರಂಗೋಲಿ ಹಾಕಿದ್ದರು.

ಅರ್ಚಕರು ನನ್ನನ್ನು ಕಂಡು ಪ್ರಸನ್ನರಾದರು. "ಬನ್ನಿ ತಾಯಿ. ನಿನ್ನೆ ನೀವು ಮಾಡಿದ್ದು ಬಹಳ ಶ್ರೇಷ್ಠವಾದ ದಾನ. ಕಬ್ಬಿಣ, ಎಣ್ಣೆ, ಕಪ್ಪು ವಸ್ತ್ರ, ಮೂರೂ ಒಟ್ಟಿಗೇ! ಈ ಕಾಲದಲ್ಲಿ ಇಷ್ಟು ಶಾಸ್ತ್ರೋಕ್ತವಾಗಿ ಯಾರು ಕೊಡ್ತಾರೆ? ನಿಮ್ಮ ಹೆಸರಲ್ಲೇ ಸಂಕಲ್ಪ ಮಾಡ್ಬಿಟ್ಟೆ."

ಇವರು ನನ್ನ ಮುಖ ನೋಡಿದರು. ನಾನು ಶನಿದೇವರ ಮುಖ ನೋಡಿದೆ.

"ಸ್ವಾಮಿ, ಅದು ದಾನ ಅಲ್ಲ, ಫ್ಲೈವೀಲ್ ಬೋಲ್ಟು. ದಯವಿಟ್ಟು ವಾಪಸ್ ಕೊಡಿ" ಎಂದರು ಇವರು.

"ವಾಪಸ್ಸೇ? ಶನಿಮಹಾತ್ಮನಿಗೆ ಕೊಟ್ಟಿದ್ದನ್ನಾ? ಸಾಡೇಸಾತಿನ ನೀವೇ ಆಟೋದಲ್ಲಿ ಕೂರಿಸ್ಕೊಂಡು ಮನೆಗೆ ಕರ್ಕೊಂಡು ಹೋದ ಹಾಗೆ!"

"ಆಟೋ ಸಿಗದೇ ಇರೋದೇ ಸ್ವಾಮಿ ನಮ್ಮ ಕಷ್ಟ!"

ನನಗೆ ಅಳು ಬಂತು. ಮನೆಯಲ್ಲಿ ಮಗಳು ನೋವು ತಿನ್ನುತ್ತಿದ್ದಾಳೆ, ನನ್ನ ಮಡಿವಂತಿಕೆಯಿಂದ ಕಾರು ಅಂಗಳದಲ್ಲಿ ನಿಂತಿದೆ ಎಂದು ಅರ್ಚಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಮುಖ ಮೆತ್ತಗಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಬದಲಿಗೆ ಅಷ್ಟೇ ಕಬ್ಬಿಣ ಕೊಟ್ರೆ ದೇವರು ಒಪ್ತಾನೆ" ಎಂದರು. ಇವರ ಜೇಬಿನಲ್ಲಿ, ಉದ್ದ ಹೋಲಿಸಿ ನೋಡಲೆಂದು ತಂದಿದ್ದ ಹಳೆಯ ಗಿಡ್ಡ ಬೋಲ್ಟುಗಳಿದ್ದವು. ಅವನ್ನು ತೆಗೆದು ತಟ್ಟೆಗೆ ಹಾಕಿದರು. ಇನ್ಸ್‌ಪೆಕ್ಷನ್ನಿನಲ್ಲಿ ಫೇಲಾದ ಮಾಲು ಎಂದು ದೇವರಿಗೆ ನಾವು ಹೇಳಲಿಲ್ಲ.

ಹಿಂದಿನ ಕೋಣೆಯಲ್ಲಿ ದಾನದ ಕಬ್ಬಿಣದ ಡ್ರಮ್ಮಿತ್ತು. ಮೊಳೆ, ಲಾಳ, ಮುರಿದ ಬಾಣಲೆ, ಸರಪಳಿ. ಇವರು ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಕುಳಿತು, ಒಂದೊಂದನ್ನೇ ವರ್ನಿಯರಿಗೆ ಹಿಡಿಯುತ್ತ ಆರಿಸಿದರು. "ಬೇಗ ರೀ" ಎಂದೆ. "ಅವಸರದಲ್ಲಿ ತಪ್ಪು ಬೋಲ್ಟು ತಗೊಂಡು ಹೋಗ್ಲಾ?" ಎಂದರು. ಐದು ಸಿಕ್ಕವು. ಆರನೆಯದಿಲ್ಲ. ಡ್ರಮ್ಮನ್ನು ಬೋರಲು ಹಾಕಿದರೂ ಇಲ್ಲ. ಐದರಲ್ಲಿ ಓಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಇವರು ನನ್ನತ್ತ ನೋಡಿದ ನೋಟ ನನಗಿನ್ನೂ ನೆನಪಿದೆ.

ಆಗ ಯಾರೋ ಭಕ್ತರು ಬಂದು ಘಂಟೆ ಹೊಡೆದರು. ಇವರು ತಲೆಯೆತ್ತಿದರು. ಅರ್ಚಕರು ಮೆಲ್ಲಗೆ ಕೆಮ್ಮಿ, "ಘಂಟೆಯ ಕೊಂಡಿ ಬಹಳ ದಿನದಿಂದ ಅಲ್ಲಾಡ್ತಿತ್ತು... ನಿನ್ನೆ ಒಳ್ಳೇ ಬೋಲ್ಟು ಕೈಗೆ ಬಂತಲ್ಲಾ ಅಂತ..." ಎಂದರು.

ಸ್ಟೂಲು ತಂದರು. ಘಂಟೆಯನ್ನು ನಾನೂ ಅರ್ಚಕರೂ ಎದೆಗವಚಿಕೊಂಡು ಹಿಡಿದೆವು. ಇವರು ಬೋಲ್ಟು ಬಿಚ್ಚಿ, ಆ ಜಾಗಕ್ಕೆ ಗಿಡ್ಡದೊಂದನ್ನು ತೂರಿಸಿ ತಂತಿ ಸುತ್ತಿದರು. ಅದರ ತುದಿ ಆ ಕಡೆ ಇಣುಕಿಯೂ ಇಣುಕದ ಹಾಗೆ ನಿಂತಿತು. "ಗಟ್ಟಿಯಾಗಿದೆಯಾ?" ಎಂದು ಅರ್ಚಕರು ಕೇಳಿದರು. "ದೇವರಿದ್ದಾನೆ" ಎಂದರು ಇವರು. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಖಲೀಲ್ ಭಾಯ್ ಊಟಕ್ಕೂ ಏಳದೆ ಕೆಲಸ ಮಾಡಿದರು. ಅಂಗಳದಲ್ಲಿ ಸ್ಪ್ಯಾನರಿನ ಸದ್ದು, ಒಳಗೆ ಸುಮಾಳ ನರಳಾಟ, ನಡುವೆ ನಾನು. ನೋವು ಸಂಜೆ ಕಡಿಮೆಯಾಗಿ ಕೃಪೆ ತೋರಿತು. ಮರುದಿನ ಬೆಳಿಗ್ಗೆ ಬಂದಾಗ ಮಾತ್ರ ನಿಲ್ಲುವ ನೋವಾಗಿರಲಿಲ್ಲ. ಅಷ್ಟರಲ್ಲಿ ಕಾರು ಮೂರು ಪೆಡಲ್ಲಿನ ಮೇಲೆ ಸಿದ್ಧವಾಗಿತ್ತು. ಆದರೆ ಇವರ ಎಡಗಾಲು ವರ್ಷಗಟ್ಟಲೆ ರಜೆಯಲ್ಲಿದ್ದ ಕಾಲು. ಕಾರು ತಿರುವಿನಲ್ಲಿ ಒಮ್ಮೆ ನಿಂತಿತು, ಗೇಟಿನ ಹಳಿಯ ಮೇಲೆ ಇನ್ನೊಮ್ಮೆ. ಗೇಟಿನವನು ಗೇಟು ಹಾಕಲು ಕೈ ಹಚ್ಚಿದ್ದ. "ಅಪ್ಪಾ, ಕ್ಲಚ್ಚು! ಕ್ಲಚ್ಚು ತುಳೀರಿ!" ಎಂದು ಹೆರಿಗೆ ನೋವಿನ ನಡುವೆ ಸುಮಾಳೇ ಕಿರುಚಿದಳು. ಕಾರು ಎಗರಿ ದಾಟಿತು, ಗೇಟು ಹಿಂದೆ ಬಿತ್ತು. ನಾನು ದಾರಿಯುದ್ದಕ್ಕೂ ಕಾಲು ಮೇಲೆತ್ತಿಕೊಂಡು, ತಳದ ಸದ್ದಿಗೆ ಕಿವಿಕೊಟ್ಟು, ಆರೂ ಬೋಲ್ಟುಗಳಿಗೆ ಒಂದೊಂದಾಗಿ ಸ್ತೋತ್ರ ಹೇಳಿದೆ, ಶನಿದೇವರಿಗೆ ಎಳ್ಳುದೀಪದ ಹರಕೆಯನ್ನೂ ಹೊತ್ತೆ. ಆರೂ ಹಿಡಿದುಕೊಂಡವು. ಆಸ್ಪತ್ರೆ ತಲುಪಿದ ಸ್ವಲ್ಪ ಹೊತ್ತಿಗೆಲ್ಲ ಮೊಮ್ಮಗಳು ಬಂದಳು, ಕಾರಿಗಿಂತ ಸುಲಭವಾಗಿ ಸ್ಟಾರ್ಟ್ ಆಗಿ ಅತ್ತಳು.

ಹರಕೆ ತೀರಿಸಲು ಮುಂದಿನ ಶನಿವಾರ ಗುಡಿಗೆ ಹೋದೆ. ಕೈ ಘಂಟೆಯತ್ತ ಹೋಯಿತು, ಕಣ್ಣು ಮೇಲಿನ ಗಿಡ್ಡ ಬೋಲ್ಟಿನತ್ತ ಹೋಯಿತು. ದೇವರ ಮೇಲೆ ನನಗೆ ಪೂರ್ಣ ನಂಬಿಕೆ. ಆದರೆ ಆ ಬೋಲ್ಟನ್ನು ನನ್ನ ಗಂಡ ತಿರಸ್ಕರಿಸಿದ್ದಾರೆ. ಆದ್ದರಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಲೆ ಬಾಗಿಸಿ, ಕೈಯಷ್ಟನ್ನೇ ಚಾಚಿ ಮೆಲ್ಲಗೆ ಹೊಡೆದೆ. ಒಂದು ಒಳ್ಳೆಯ ಬೋಲ್ಟು ಕೊಂಡು ಕೊಡೋಣವೆಂದು ನಾನೂ ಎಷ್ಟೋ ಸಲ ಅಂದುಕೊಂಡೆ. ಕೊಟ್ಟರೆ ಅದೂ ಡ್ರಮ್ಮಿಗೇ ಹೋಗುತ್ತದೆ, ಕಾರಣ ಹೇಳಿದರೆ ನಮ್ಮ ಗುಟ್ಟು ಹೊರಬೀಳುತ್ತದೆ. ಪ್ರತಿ ಶನಿವಾರವೂ ಹಾಗೆಯೇ ಹೊಡೆಯುತ್ತ ದಿನ ಕಳೆದವು. ಈಚೆಗೆ ನೋಡುತ್ತೇನೆ, ಆ ಗುಡಿಗೆ ಬರುವ ಹೆಂಗಸರೆಲ್ಲ ಪಕ್ಕಕ್ಕೆ ಸರಿದು, ತಲೆ ಬಾಗಿಸಿ, ಕೈ ಚಾಚಿಯೇ ಘಂಟೆ ಹೊಡೆಯುತ್ತಾರೆ. ಮೊನ್ನೆ ಹೊಸಬಳೊಬ್ಬಳು ನೇರವಾಗಿ ಘಂಟೆಯ ಕೆಳಗೆ ಹೋಗಿ ನಿಂತಾಗ, ಹಿಂದಿದ್ದ ಹಿರಿಯಾಕೆ ಅವಳ ರಟ್ಟೆ ಹಿಡಿದು ಎಳೆದು, "ಶನಿದೇವರ ಮುಂದೆ ಹಾಗೆ ನಿಲ್ಲಬಾರದಮ್ಮ, ಹಿಂದಿನಿಂದ ಬಂದ ಶಾಸ್ತ್ರ. ಬೇಕಾದ್ರೆ ಇವರನ್ನೇ ಕೇಳು" ಎಂದು ನನ್ನ ಕಡೆ ಕೈ ತೋರಿಸಿದಳು.

ನಾನು ಮೇಲೆ ಬೋಲ್ಟಿನ ಕಡೆ ಒಮ್ಮೆ ನೋಡಿ, ಹೌದಮ್ಮ, ಶಾಸ್ತ್ರ ಎಂದೆ.