ಬಿಷಪ್ಪರ ಕೊಕ್ಕೆ

ಆ ದಿನವೂ ಬಿಷಪ್ಪರು ಬೆಳಗ್ಗೆಯೇ ಬಂದು ಕೋಲಿನಿಂದ ನನ್ನ ಬಾಗಿಲು ಬಡಿದರು.

"ರೈಟ್ರೇ, ಬದುಕಿದ್ದೀರೇನ್ರೀ?"

"ಇದ್ದೀನಿ ದೊರೆ."

"ಹಾಗಾದ್ರೆ ಕಾಫಿ ಕೊಡಿ. ಸತ್ತಿದ್ರೆ ನಾನೇ ಮಾಡ್ಕೋಬೇಕಿತ್ತು!"

ನನ್ನ ಹೆಂಡತಿ ತೀರಿಕೊಂಡ ಮೇಲೆ ನನಗೆ ದಿನವೂ ಬೆಳಗಾಗುತ್ತಿದ್ದದ್ದು ಹೀಗೆ.

ದೊಡ್ಡ ಮನುಷ್ಯರಾಗಿರಲು ಇವರಷ್ಟು ಬಾರದ ದೊಡ್ಡ ಮನುಷ್ಯರನ್ನು ನಾನು ಕಂಡಿಲ್ಲ. ಇಂಗ್ಲೆಂಡಿನ ಬಿರುದು ಬಾವಲಿಗಳ ವಂಶ. ಅಣ್ಣನ ಮನೆಯಲ್ಲಿ ಕೋಣೆಗಳೆಷ್ಟು ಎಂದು ಅಣ್ಣನಿಗೇ ಗೊತ್ತಿಲ್ಲವಂತೆ! ಅಜ್ಜ ಪಾಲಿಬೆಟ್ಟದ ಕಡೆ ಕಾಫಿ ತೋಟ ಮಾಡಿದವರು. ಇವರು ಹುಟ್ಟಿದ್ದು ಇಲ್ಲಿ, ಓದಿದ್ದು ಅಲ್ಲಿ. ಆಂಗ್ಲಿಕನ್ ಸಭೆಯ ಬಿಷಪ್ಪರಾಗಿ ನಿವೃತ್ತರಾದ ಮೇಲೆ, ಅಣ್ಣನ ಅರಮನೆಯಲ್ಲಿ ಚಳಿಯೆಂದು ನೆಪ ಹೇಳಿ ಇಲ್ಲಿಗೇ ಮರಳಿದರು. ತೋಟ ಎಂದೋ ಮಾರಿಹೋಗಿತ್ತು. ಹೊಸ ಮಾಲೀಕರು ಹಳೆಯ ಬಂಗಲೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟರು. ಪಕ್ಕದ ಮನೆ, ತೋಟದ ಲೆಕ್ಕ ಬರೆಯುವ ರೈಟರನಾದ ನನ್ನದು.

ಅವರ ಕನ್ನಡ ಬಾಲ್ಯದಲ್ಲಿ ತೋಟದ ಕೂಲಿಗಳ ಲೈನ್‌ಮನೆಯ ಮಕ್ಕಳಿಂದ ಕಲಿತದ್ದು. ಚರ್ಚಿನಲ್ಲಿ ನೇರಳೆ ನಿಲುವಂಗಿ ತೊಟ್ಟು ಗಂಭೀರವಾಗಿ ಆಶೀರ್ವದಿಸಿದವರೇ, ಹೊರಗೆ ಹೂಗಿಡ ತಿನ್ನುವ ಹಸುವಿಗೆ "ಥೂ, ನಿನ್ ಮೋರೆಗಿಷ್ಟು!" ಎನ್ನುತ್ತಿದ್ದರು. ನನ್ನ ಹಣೆಯ ವಿಭೂತಿ ಕಂಡರಂತೂ, "ನಿಮ್ಮ ಶಿವನಿಗೆ ನನ್ನ ಮಂಡಿನೋವು ಹೇಳಿದ್ರಾ? ನಮ್ಮವನಿಗೆ ಹೇಳಿ ಸಾಕಾಯ್ತು!"

ಇನ್ನು ಬಾಗಿಲು ಬಡಿಯುವ ಆ ಕೋಲು. ಅದು ಬಿಷಪ್ಪರ ಅಧಿಕಾರದ ಕೋಲು; ಅದರ ತುದಿ ಕುರಿ ಕಾಯುವವನ ಕೋಲಿನಂತೆ ಬಾಗಿರುತ್ತದೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಒಂದು ದಿನ ಅದು ಮಾಯ! ಬಿಷಪ್ಪರೂ ನಾನೂ ಹುಡುಕುತ್ತಾ ಹೋದರೆ, ಲೈನ್‌ಮನೆಯ ಪೊನ್ನಮ್ಮ ಅದರಿಂದಲೇ ರೊಬಸ್ಟಾ ಕಾಫಿ ಗಿಡದ ರೆಂಬೆಯನ್ನು ಬಗ್ಗಿಸಿ ಹಣ್ಣು ಕೊಯ್ಯುತ್ತಿದ್ದಾಳೆ.

"ಏನಮ್ಮಾ ಇದು!" ಎಂದೆ.

"ಜಗಲೀಲಿ ಸುಮ್ನೆ ನಿಂತಿತ್ತು ಸಾರ್. ಎಷ್ಟು ಚೆನ್ನಾಗಿರೋ ಕೊಕ್ಕೆ!"

ಬಿಷಪ್ಪರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನನ್ನ ಕೈಲಿ ಇಷ್ಟು ವರ್ಷ ಸೋಮಾರಿಯಾಗಿತ್ತು. ಇವತ್ತು ಕೆಲಸ ಸಿಕ್ತು ಬಿಡ್ರಿ."

ಅಂದಿನಿಂದ ಪಿಕಿಂಗ್ ಕಾಲದಲ್ಲಿ, ನನ್ನ ಬಾಗಿಲು ಬಡಿದ ಮೇಲೆ ಕೋಲು ಪೊನ್ನಮ್ಮನ ಕೈಗೆ. ಸಂಜೆ ಮತ್ತೆ ಜಗಲಿಗೆ. ಬಿಷಪ್ಪರು ನನ್ನಲ್ಲಿ ಕೇಳಿದ್ದು ಒಂದೇ: "ಮಣ್ಣು ಮಾಡುವಾಗ ಇದನ್ನ ಜೊತೇಲಿಡ್ರಿ. ಮೇಲೆ ಕುರಿ ಇಲ್ದಿದ್ರೂ ಕಾಫಿ ಇರ್ಬಹುದು."

ಮೊದಲಿಗೆ ಹೇಳಿದ ಆ ಬೆಳಗೇ ಕೊನೆಯದು. ಮರುದಿನ ನನ್ನ ಬಾಗಿಲು ಸದ್ದು ಮಾಡಲಿಲ್ಲ. ನಾನೇ ಹೋಗಿ ಅವರ ಬಾಗಿಲು ಬಡಿದೆ. "ಬದುಕಿದ್ದೀರಾ ದೊರೆ?" ಎಂದು ತಮಾಷೆಗೇ ಕೂಗಿದೆ. ಆಮೇಲೆ ಬಾಗಿಲು ತಳ್ಳಿ ಒಳಗೆ ಹೋದೆ.

ಮಣ್ಣು ಮಾಡುವ ದಿನ ಜಗಲಿಯಲ್ಲಿ ಕೋಲಿಲ್ಲ. ಅವರು ಕೇಳಿದ್ದು ಒಂದೇ ಒಂದು, ಅದೂ ನನ್ನಿಂದಾಗಲಿಲ್ಲವೇ? ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಪೊನ್ನಮ್ಮ ಏದುಸಿರು ಬಿಡುತ್ತಾ ಓಡಿಬಂದಳು. ಬಿಷಪ್ಪರ ಆ ಕೊನೆಯ ಸಂಜೆ ಕೊಯ್ಲು ಮುಗಿಯುವುದು ತಡವಾಗಿ, ಕೋಲನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳಂತೆ. ಅದರ ಮೇಲೆಲ್ಲ ಕಾಫಿ ಹಣ್ಣಿನ ಕರೆ. ಪಾದ್ರಿಗಳು ಅದನ್ನು ಒರೆಸಲು ಬಟ್ಟೆ ಎತ್ತಿಕೊಂಡರು.

"ಒರೆಸ್ಬೇಡಿ ಸಾರ್," ಎಂದಳು ಪೊನ್ನಮ್ಮ. "ಆಮೇಲೆ ದೊರೆಗೆ ಗುರುತು ಸಿಗಲ್ಲ."

ಪಾದ್ರಿಗಳು ಒರೆಸಲಿಲ್ಲ. ಕೋಲು ಕರೆಯ ಸಮೇತ ಅವರ ಜೊತೆಗೇ ಹೋಯಿತು.

ಪೊನ್ನಮ್ಮ ಈಗ ಬಿದಿರಿನದೊಂದು ಕೊಕ್ಕೆ ಮಾಡಿಕೊಂಡಿದ್ದಾಳೆ. ನಾನು ಬದುಕಿದ್ದೇನೆಯೇ ಎಂದು ಬೆಳಗ್ಗೆ ಬಂದು ಕೇಳುವವರು ಯಾರೂ ಇಲ್ಲ.